ಸೂಗಮ್ಮನ ಗುಳಿಗೆ, ವೆಂಕೋಬನ ಸರದಿ

ತುರ್ವಿಹಾಳದ ಸೂಗಮ್ಮನ ಗುಳಿಗೆ ಪೊಟ್ಟಣ ಗಂಡ ವೆಂಕೋಬನ ಅಂಗಿ ಜೇಬಿನಲ್ಲಿರುತ್ತಿತ್ತು. ಅವನು ಕಾಲುವೆಯ ನೀರುಗಂಟಿ. ಯಾರ ಗದ್ದೆಗೆ ಯಾವತ್ತು ನೀರು ಎಂದು ತೂಬು ಎತ್ತಿ ಇಳಿಸುವವನು. ಹೆಂಡತಿಯ ಗುಳಿಗೆಯನ್ನೂ ಹಾಗೇ ನಡೆಸತೊಡಗಿದ್ದ.

ಸುಗ್ಗಿ ಮುಗಿದಾಗಿನಿಂದ ಸೂಗಮ್ಮನಿಗೆ ನಿದ್ದೆಯಿಲ್ಲ, ಊಟ ಸೇರದು, ಕೂತಲ್ಲೇ ಅಳು. ಸಿಂಧನೂರಿನ ಡಾಕ್ಟರು ಇದು ಖಿನ್ನತೆಯ ರೋಗವೆಂದು ರಾತ್ರಿಗೊಂದು ಗುಳಿಗೆ ಬರೆದಿದ್ದರು. ಮೊದಲ ವಾರಗಳಲ್ಲಿ ಏನೂ ಅನಿಸಲಿಲ್ಲ. ಆಮೇಲೆ ನಿಧಾನಕ್ಕೆ ತಲೆ ಬಾಚಿಕೊಂಡು ನಾಟಿಗೆ ಹೋಗುವಷ್ಟಾದಳು. ಆದರೆ ಬಾಯಿ ಒಣಗುತ್ತಿತ್ತು. ಬಗ್ಗಿ ಸಸಿ ಹಚ್ಚಿ ಎದ್ದರೆ ಕಣ್ಣಿಗೆ ಕತ್ತಲೆ.

"ಗುಳಿಗಿ ಉಷ್ಣ ಆಗ್ಯಾವ," ಎಂದು ವೆಂಕೋಬ ಬಂದ್ ಮಾಡಿದ. ಅಳು ಮರಳಿತು. ಆಗ ಒಮ್ಮೆಗೇ ಎರಡು ಕೊಟ್ಟ. ಮರುದಿನ ಅವಳು ಹೊತ್ತು ನೆತ್ತಿಗೆ ಬಂದರೂ ಏಳಲಿಲ್ಲ.

"ಬಾಯಿ ನಂದು, ತಲಿ ನಂದು. ಒಂದ್ಸಲನಾರ ನನ್ನ ಕೇಳಿದ್ಯಾ?"

"ಕೇಳಿದ್ರ ಅಳಕೊಂತ ಕುಂದರ್ತಿ."

"ನಿನ್ನ ಕಟಗೊಂಡು ನಗಬೇಕೇನು?"

ಪೋಲಿಯೋ ಹನಿ ಹಾಕಲು ಓಣಿಗೆ ಬಂದ ನರ್ಸು ಗ್ಯಾನಮ್ಮ ಬಾಗಿಲಲ್ಲೇ ನಿಂತಳು. ಸೂಗಮ್ಮ ಬೇಸತ್ತು ಎಲ್ಲ ಹೇಳಿದಳು.

"ವೆಂಕೋಬಣ್ಣ, ನಾಟಿ ಗದ್ದಿಗೆ ನೀರು ಬಂದ್ ಮಾಡಿ, ಆಮ್ಯಾಲ ಒಮ್ಮಿಗೇ ತುಂಬಾ ಬಿಟ್ರ ಏನಾಕೈತಿ?"

"ಮೊದಲ ಒಣಗ್ತಾವ, ಆಮ್ಯಾಲ ಕಿತಗೊಂಡು ಹೋಕಾವ," ಎಂದವನ ಕೈ ಜೇಬಿನ ಪೊಟ್ಟಣದ ಮೇಲೆ ಹೋಯಿತು.

"ಎರಡು ನುಂಗಿಸೀದಿ, ಎದಿಗೆ ಕುತ್ತು ಬರ್ತಿತ್ತು. ಬಾಯಿ ಒಣಗೂದು, ಮಲ ಗಟ್ಟಿಯಾಗೂದು, ಎದ್ರ ತಲಿ ತಿರಗೂದು ಈ ಗುಳಿಗ್ಯಾಗ ಇರ್ತಾವ. ಗುಟುಕು ಗುಟುಕು ನೀರು ಕುಡಿ ಸೂಗಮ್ಮ, ಸಾವಕಾಶ ಏಳು. ತಡಕೊಳ್ಳಾಕ ಆಗಲಿಲ್ಲಂದ್ರ ಡಾಕ್ಟರಿಗೆ ಹೇಳ್ರಿ, ಕಮ್ಮಿ ಮಾಡ್ತಾರ, ಇಲ್ಲ ಬ್ಯಾರೆ ಬರೀತಾರ."

"ಚಟ ಹತ್ತಿದ್ರ?" ಎಂದ ವೆಂಕೋಬ.

"ಇದೇನು ಕುಡಿಯೋ ಸೆರೇನು? ಆದ್ರ ಒಮ್ಮಿಂದೊಮ್ಮಿ ಬಿಟ್ರ ಮೈ ತ್ರಾಸ ಕೊಡತೈತಿ. ಮೂತ್ರ ಕಟ್ಟಿದ್ರ, ಎದಿ ಜೋರ್ ಬಡಕೊಂಡ್ರ, ಸಾಯಬೇಕು ಅನಿಸಿದ್ರ ಮಾತ್ರ ಆ ಕ್ಷಣ ದವಾಖಾನಿಗೆ ಹೋಗ್ರಿ."

ಮರುದಿನ ಮೊದಲ ಬಸ್ಸಿಗೆ ಇಬ್ಬರೂ ಸಿಂಧನೂರಿಗೆ ಹೋದರು. ಡಾಕ್ಟರ ಮುಂದೆ ವೆಂಕೋಬ ಬಾಯಿ ತೆರೆಯುವಷ್ಟರಲ್ಲಿ ಸೂಗಮ್ಮ ಅವನ ಜೇಬಿಗೆ ಕೈ ಹಾಕಿ ಪೊಟ್ಟಣ ತೆಗೆದಳು.

"ನುಂಗಾಕಿ ನಾ ರೀ. ನಾ ಹೇಳ್ತೀನಿ."

ಅವನು ತಲೆಯಾಡಿಸಿ ಪಕ್ಕಕ್ಕೆ ಸರಿದು ಕೂತ.

ನಿಮ್ಮ ಮನೆಯಲ್ಲೂ ಇಂಥ ಗುಳಿಗೆ ನುಂಗುವವರಿದ್ದರೆ, ಹೇಗನಿಸುತ್ತದೆ ಎಂದು ಅವರನ್ನೇ ಕೇಳಿ. ತೊಂದರೆಯಿದ್ದರೆ ಡಾಕ್ಟರಿಗೆ ತಿಳಿಸಿ. ನೀವಾಗಿ ಬಿಡಿಸಬೇಡಿ, ಹೆಚ್ಚಿಸಬೇಡಿ. ಊರ ತೂಬು ನಿಮ್ಮ ಕೈಯಲ್ಲಿರಬಹುದು. ಗುಳಿಗೆಯ ಅಳತೆ ಡಾಕ್ಟರ ಕೈಯಲ್ಲಿರಲಿ.