ನೀಲಿ ಕ್ಲಿಪ್ಪು

ಎದುರು ಸೀಟಿನ ಹೆಂಗಸಿನ ಕೈಗಡಿಯಾರದಿಂದ ಎದ್ದ ಬೆಳಕಿನ ಚೂರೊಂದು ಮೆಟ್ರೊ ಬೋಗಿಯ ಚಾವಣಿಯಲ್ಲಿ ಹಾರಾಡುತ್ತಿದೆ, ಅಲ್ಲಿ ಕೂತಿತು, ಇಲ್ಲ, ಹಿಡಿಕೆಯ ಮೇಲೆ, ಈಗ ಯಾರದೋ ಬೋಳುತಲೆಯ ಮೇಲೆ, ಮಡಿಲಲ್ಲಿರುವ ಚೀಲದ ಮೇಲೆ ನನ್ನ ತೋರುಬೆರಳು ತನ್ನಷ್ಟಕ್ಕೆ ಅರ್ಧ ಒತ್ತಿ ನಿಲ್ಲುತ್ತದೆ, ಅರ್ಧ ಒತ್ತಿ ಹಿಡ್ಕೊಳ್ಳಿ ಮೇಡಂ, ಫೋಕಸ್ ಕೂತ್ಮೇಲೆ ಪೂರ್ತಿ ಒತ್ತಿ, ಅನ್ನುತ್ತಾರೆ ಕಶ್ಯಪ್, ಭಾನುವಾರ ಲಾಲ್‌ಬಾಗಿನಲ್ಲಿ ನಮ್ಮಂಥ ಹೊಸಬರಿಗೆ ಹಕ್ಕಿಯ ಫೋಟೊ ತೆಗೆಯುವುದನ್ನು ಹೇಳಿಕೊಡುವವರು, ಐದು ತಿಂಗಳಾಯಿತು, ಈ ಬೆರಳು ನನ್ನ ಮಾತು ಕೇಳುವುದನ್ನು ಬಿಟ್ಟಿದೆ, ಅನ್ನ ಬೆಂದಿದೆಯೇ ಎಂದು ಅಗುಳು ಒತ್ತುವಾಗಲೂ ಅರ್ಧಕ್ಕೆ ನಿಂತು ಉಸಿರು ಹಿಡಿಯುತ್ತೇನೆ, ಏನೇ ಮಂಗಳಾ, ಅನ್ನ ಏನಾದ್ರೂ ಹಾರ್ಹೋಗುತ್ತಾ, ಅನ್ನುತ್ತಾರೆ ನನ್ನ ಗಂಡ ಮನೋಹರ್ — ನಗಲಿ, ಮೊದಲ ತಿಂಗಳು ನಗುವ ಹಾಗೇ ಇತ್ತು, ನಾನು ತೆಗೆದದ್ದೆಲ್ಲ ಖಾಲಿ ಕೊಂಬೆ, ಹಕ್ಕಿ ಎದ್ದುಹೋದ ಮೇಲಿನ ಅಲುಗಾಟ, ಒಂದು ಬಾಲ, ಮಿಂಚುಳ್ಳಿ ಎಂದುಕೊಂಡು ಹನ್ನೆರಡು ಸಲ ಒತ್ತಿದ ನೀಲಿ ಪ್ಲಾಸ್ಟಿಕ್ ಚೀಲ, ಕ್ಯಾಮೆರಾ ಮಗಳು ಮಾನಸಳದು, ಕೊಂಡು ಎರಡು ಟ್ರಿಪ್ಪಿಗೆ ಒಯ್ದು ಅಲ್ಮೆರಾದಲ್ಲಿ ಬಿಟ್ಟು ಮದುವೆಯಾಗಿ ಹೋದಳು, ಧೂಳು ಒರೆಸಲೆಂದು ಹೊರಗೆ ತೆಗೆದವಳು ಕಿಂಡಿಗೆ ಕಣ್ಣಿಟ್ಟೆ, ಅಷ್ಟೆ, ಕಿಟಕಿಯಾಚೆಯ ಕಾಗೆಯ ಕತ್ತಿನ ಬೂದು ಬಣ್ಣ ಇಷ್ಟು ಹತ್ತಿರ, ಇಷ್ಟು ಮೆತ್ತಗೆ, ಮನೆಯ ಸದ್ದೆಲ್ಲ ಎಲ್ಲೋ ನೀರಿನಡಿ ಹೋದಂತಾಯಿತು, ಮಿಕ್ಸಿ, ಕಾಲಿಂಗ್ ಬೆಲ್ಲು, ನನ್ನ ಐವತ್ಮೂರು ವರ್ಷ, ಎಲ್ಲ, ಆ ಚೌಕದೊಳಗೆ ಒಂದು ಕತ್ತು ಮಾತ್ರ ಉಸಿರಾಡುತ್ತಿತ್ತು. ಇವತ್ತು ಮಲ್ಲೇಶ್ವರದಲ್ಲಿ ಮಾನಸಳ ಮನೆಯಲ್ಲಿ ಊಟದ ತಟ್ಟೆಯ ಪಕ್ಕದಲ್ಲೇ ಫೋನಿಟ್ಟು, ಅದಕ್ಕೆ ಇಳಿಸಿಕೊಂಡ ಚಿತ್ರ ತೋರಿಸಿದೆ, ಬೆಳಿಗ್ಗೆ ನಮ್ಮ ಗವಿಪುರದ ಮನೆಯ ತಾರಸಿಯಲ್ಲಿ ತೆಗೆದದ್ದು, ಡ್ರಮ್ಮಿನಲ್ಲಿ ಬೆಳೆಸಿದ ಅಂಜೂರದ ಗಿಡ, ಅದರ ಎರಡು ಎಲೆ ಸೇರಿಸಿ ಸಿಂಪಿಗ ಹಕ್ಕಿ ಹೊಲಿದ ಗೂಡು, ನನ್ನ ಹೆಬ್ಬೆರಳಿನಷ್ಟು ಹಕ್ಕಿ, ಹತ್ತಿಯ ಎಳೆ ತಂದು ಕೊಕ್ಕಿನಿಂದ ಹೊಲಿಗೆ ಹಾಕಿದ್ದನ್ನು ನಾನೇ ಕಂಡಿದ್ದೇನೆ, ಒಳಗೆ ಮೂರು ಮರಿ, ಮೂರೂ ಬಾಯಿ ತೆರೆದಿವೆ, ಕನಕಾಂಬರ ಬಿರಿದ ಹಾಗೆ, ಚಿನ್ನದಂಥ ಬಿಸಿಲು ನೇರ ಗಂಟಲೊಳಗೆ — ಅಮ್ಮ, ಇದು ನೀನ್ ತೆಗ್ದಿದ್ದಾ, ನಿಜ ಹೇಳು, ಅಂದಳು ಮಾನಸ, ನಿಜ ಹೇಳು ಅಂದದ್ದು ಎಷ್ಟು ಸಿಹಿಯಾಗಿತ್ತು, ಅವಳ ಅತ್ತೆ ಗಿರಿಜಾಂಬಾ ಕನ್ನಡಕ ಏರಿಸಿ ನೋಡಿ, ಅಯ್ಯೋ ಪಾಪ, ಅಮ್ಮನ್ನ ಕೇಳ್ತಿವೆ ನೋಡಿ ತುತ್ತು, ಅಂದರು, ಮೂವತ್ತು ವರ್ಷ ಸಾರು ಚೆನ್ನಾಗಿದೆ ಎಂದು ಕೇಳಿದ ಕಿವಿ ಇದು, ಚೆನ್ನಾಗಿದೆ ಅನ್ನುವುದು ಸಾರಿಗಲ್ಲದೆ ನನ್ನ ಕಣ್ಣಿಗೆ ಬಂದದ್ದು ಇವತ್ತೇ ಮೊದಲು, ಭಾನುವಾರದ ಹಕ್ಕಿ ಫೋಟೊದವರ ವಾಟ್ಸಾಪ್ ಗುಂಪಿಗೂ ಅಲ್ಲಿಂದಲೇ ಕಳಿಸಿದೆ, ಹೃದಯದ ಮೇಲೆ ಹೃದಯ ಬಂದು ಬಿದ್ದವು.

ಫೋನು ನಡುಗುತ್ತದೆ, ಇನ್ನೊಂದು ಹೃದಯವಿರಬೇಕು, ಅಲ್ಲ, ಕಶ್ಯಪ್, ಗುಂಪಿನಲ್ಲಲ್ಲ, ನನಗೊಬ್ಬಳಿಗೆ, ಮೇಡಂ ಒಳ್ಳೆ ಶಾಟ್, ಒಂದು ಡೌಟು, ಗೂಡಿನ ಮೇಲೆ ನೆರಳಿಗೆ ಎಲೆ ಇರುತ್ತಲ್ಲ, ಇದ್ರಲ್ಲಿ ಕಾಣ್ತಿಲ್ಲ, ನೀವೇನಾದ್ರೂ ಸರಿಸಿದ್ರಾ — ರೈಲು ಇಳಿಜಾರಿನಲ್ಲಿ ನೆಲದೊಳಗೆ ಜಾರುತ್ತಿದೆ, ಚಾವಣಿಯ ಬೆಳಕಿನ ಚೂರು ಸತ್ತುಹೋಯಿತು, ಕಿಟಕಿಯಲ್ಲಿ ಈಗ ನನ್ನ ಮುಖ, ಸರಿಸಿದೆ, ಹೌದು, ಸರಿಸಿದೆ, ಗೂಡಿನ ಮೇಲೆ ಕೊಡೆ ಹಿಡಿದಂತೆ ಬಾಗಿದ್ದ ದೊಡ್ಡ ಎಲೆ, ಎರಡು ಅಂಗೈಯಗಲ, ಅದಿದ್ದರೆ ಒಳಗೆಲ್ಲ ಕತ್ತಲು, ಬೆಳಿಗ್ಗೆ ಎಂಟೂವರೆಗೆ ಮೆಲ್ಲಗೆ ಹಿಂದಕ್ಕೆಳೆದು ಬಟ್ಟೆ ಒಣಹಾಕುವ ತಂತಿಗೆ ಸೇರಿಸಿ ನೀಲಿ ಕ್ಲಿಪ್ಪು ಹಾಕಿದೆ, ಐದೇ ನಿಮಿಷ ಅಂದುಕೊಂಡೆ, ಆಗ ಅಲ್ಲಿ ನೀರಿನ ಟ್ಯಾಂಕಿನ ನೆರಳಿತ್ತು, ಮರಿಗಳು ಒಂದರ ಮೇಲೊಂದು ತಲೆಯಿಟ್ಟು ಮಲಗಿದ್ದವು, ಬಾಯಿ ತೆರೆಯಲಿಲ್ಲ, ಕಾದೆ, ಮಂಡಿಯೂರಿ ಕಾದೆ, ಬಿಸಿಲು ಟ್ಯಾಂಕು ದಾಟಿ ಹೊರಳಿಕೊಂಡು ಬಂದು ಗೂಡಿಗೆ ಬಿದ್ದದ್ದೇ ಒಂದೊಂದಾಗಿ ಬಾಯಿ ತೆರೆದವು, ಒತ್ತಿದೆ, ಒತ್ತಿದೆ, ಪರದೆಯಲ್ಲಿ ನೋಡಿದೆ, ಆಮೇಲೆ — ಆಮೇಲೆ ಕುಣಿದುಕೊಂಡು ಕೆಳಗೆ ಬಂದೆ, ಸಂತೋಷಕ್ಕೆ ಮರೆತೆ, ಬೇರೆ ಯಾವುದಕ್ಕೂ ಅಲ್ಲ, ಸಂತೋಷಕ್ಕೇ, ಸ್ನಾನ ಮಾಡಿ ಸೀರೆ ಉಟ್ಟು ಹೊರಡುವ ಮುಂಚೆ ತಾರಸಿ ಬಾಗಿಲಿಗೆ ಬೀಗವನ್ನೂ ಹಾಕಿದೆ, ಕೆಲಸದ ಭಾಗ್ಯ ಬಟ್ಟೆ ಒಣಹಾಕಲು ಹೋಗಿ ಮರಿಗಳನ್ನು ಹೆದರಿಸಿಯಾಳೆಂದು, ಆ ಬೀಗದ ಕೈ ಇಲ್ಲಿದೆ, ಈ ಚೀಲದಲ್ಲಿ, ಈ ಬೆರಳ ಕೆಳಗೆ. ಗಂಟೆ ಒಂದೂ ನಲವತ್ತು. ಗೂಡಿನ ಹತ್ರ ಹೋಗ್ಬೇಡಿ, ಕಡ್ಡಿ ಎಲೆ ಏನೂ ಮುಟ್ಬೇಡಿ, ಅಂತ ಮೊದಲ ಭಾನುವಾರವೇ ಕಶ್ಯಪ್ ಹೇಳಿದ್ದರು, ಎಲ್ಲರ ಜೊತೆ ನಾನೂ ತಲೆಯಾಡಿಸಿದ್ದೆ, ಆದರೆ ಅದು ಲಾಲ್‌ಬಾಗಿನ ಹಕ್ಕಿಗೆ ಹೇಳಿದ ಮಾತು, ಕಾಡಿನ ಹಕ್ಕಿಗೆ, ಇವು ನಮ್ಮ ಮನೆಯವು, ನನ್ನ ಗಿಡ, ನನ್ನ ಡ್ರಮ್ಮು, ಬಾಣಂತಿಯ ಕೋಣೆಗೆ ಮನೆಯ ಹಿರಿಯಳು ಕೇಳಿಯೇ ಹೋಗಬೇಕೇ — ಹಾಗೆಯೇ ಅಂದುಕೊಂಡಿದ್ದೆ, ಇದೇ ಮಾತಿನಲ್ಲಿ.

ಮೆಜೆಸ್ಟಿಕ್, ಬಾಗಿಲು ತೆರೆದು ಜನ ನುಗ್ಗುತ್ತಾರೆ, ಸೂಟ್‌ಕೇಸು, ಮಲ್ಲಿಗೆ, ಬೆವರು, ಫೋನು ಮಾಡುತ್ತೇನೆ, ಮನೋಹರ್ ಬಟ್ಟೆ ಅಂಗಡಿಯಲ್ಲಿದ್ದಾರೆ, ಚಿಕ್ಕಪೇಟೆಯಲ್ಲಿ, ಹಿಂದೆ ಬಟ್ಟೆ ಹರಿಯುವ ಸದ್ದು, ಏನಾಯ್ತೇ, ರೀ ಕ್ಲಿಪ್ಪು ತೆಗೀಬೇಕಿತ್ತು, ಯಾವ್ ಕ್ಲಿಪ್ಪು, ಗೂಡಿನ ಮೇಲಿನ ಎಲೆಗೆ ಹಾಕಿದ್ದು, ಬಿಸ್ಲು ಬೀಳ್ತಿದೆ ಕಣ್ರೀ ಮರಿಗಳ ಮೇಲೆ, ಅಯ್ಯೋ ನಿನ್ನ, ಗ್ಯಾಸ್ ಆನ್ ಮಾಡಿ ಬಂದ್ಯೇನೋ ಅಂತ ಎದೆ ಹೊಡ್ಕೊಳ್ತು, ಗಿರಾಕಿ ಇದಾರೆ, ನೀನ್ ಹೋಗ್ತಿದೀಯಲ್ಲ, ಹತ್ತು ನಿಮಿಷ, ಹೋಗಿ ತೆಗಿ — ಭಾಗ್ಯಳಿಗೆ ಫೋನು ಮಾಡಿದರೆ, ಕೀ ನಿಮ್ಮತ್ರ ಅಲ್ವಾಕ್ಕಾ, ಬಾಗ್ಲು ಒಡೀಲಾ ಮತ್ತೆ, ಅಂತ ನಕ್ಕಳು, ನಗುವ ವಿಷಯವೇ, ಇಬ್ಬರೂ ನಕ್ಕರು, ಒಂದು ಕ್ಲಿಪ್ಪು, ಒಂದು ಎಲೆ. ಚಿಕ್ಕಪೇಟೆ ನಿಲ್ದಾಣದಲ್ಲಿ ಬಾಗಿಲು ಮುಚ್ಚುವಷ್ಟರಲ್ಲಿ ಕಶ್ಯಪ್ ಮತ್ತೆ, ನಾನು ಹೌದು ಎಂದಷ್ಟೇ ಬರೆದದ್ದಕ್ಕೆ ಉತ್ತರ, ಮೇಡಂ ಅವು ಬಾಯಿ ಬಿಟ್ಟಿರೋದು ಹಸಿವಿಗಲ್ಲ ಅನ್ಸುತ್ತೆ, ಕತ್ತು ಮೇಲೆತ್ತಿಲ್ಲ ನೋಡಿ, ಸೆಕೆಗೆ ಏದುಸಿರು ಬಿಡ್ತಿವೆ, ಬೇಗ ನೆರಳು ಮಾಡಿ. ಚಿತ್ರ ತೆರೆದೆ, ಎರಡು ಬೆರಳಲ್ಲಿ ಹಿಗ್ಗಿಸಿದೆ, ಹೌದು, ಕತ್ತು ಮೇಲೆತ್ತಿಲ್ಲ, ಗೂಡಿನ ಅಂಚಿಗೆ ಗಲ್ಲ ಆನಿಸಿವೆ, ಊಟದ ಹೊತ್ತಿನಲ್ಲಿ ಇದೇ ಚಿತ್ರ ಎಷ್ಟು ಚೆನ್ನಾಗಿತ್ತು, ಒಂದು ಗೆರೆಯೂ ಬದಲಾಗಿಲ್ಲ — ಮಾನಸ ಅಂದಿದ್ದಳಲ್ಲ, ಅಮ್ಮ ಇದು ಥೇಟ್ ನನ್ನ ಆ ಫೋಟೊ ಥರಾನೇ ಇದೆ ಅಂತ, ನಮ್ಮ ಹಜಾರದಲ್ಲಿ ತೂಗುಹಾಕಿರುವ ಫೋಟೊ, ಅವಳಿಗೆ ಐದು ತಿಂಗಳು, ಚಾಮರಾಜಪೇಟೆಯ ಸ್ಟುಡಿಯೊ, ಮೊಮ್ಮಗಳ ಫೋಟೊ ಬೇಕೇಬೇಕೆಂದು ಮಾವ ಶಿವರುದ್ರಪ್ಪನವರು ಕರೆದೊಯ್ದಿದ್ದರು, ಮಗು ಮೈಮೇಲಿನ ಬಟ್ಟೆ ತೆಗೀಮ್ಮ, ಕಾಲ್ಗಡಗ ಕಾಣ್ಲಿ, ಅಂದರು, ತೆಗೆದೆ, ಎರಡು ಕಡೆಯಿಂದ ದೀಪ, ಆ ದೀಪಗಳ ಝಳಕ್ಕೆ ನನ್ನ ಕುಂಕುಮವೇ ಕರಗಿ ಇಳಿಯುತ್ತಿತ್ತು, ಕೂಸು ಕೆಂಪಾಗಿ ಬಾಯಿ ತೆರೆದು ಚೀರಿತು, ಸ್ಟುಡಿಯೊದವನು ಗಿಲಕಿ ಆಡಿಸಿ ಕ್ಲಿಕ್ ಎನಿಸಿದ, ಎಷ್ಟು ಚೆನ್ನಾಗಿ ನಗ್ತಿದಾಳೆ ನೋಡಿ ಶಿವರುದ್ರಪ್ಪೋರ ಮೊಮ್ಮಗಳು, ಬಂದವರೆಲ್ಲ ಹಾಗೆಯೇ ಅಂದರು, ಇವತ್ತಿಗೂ ಅನ್ನುತ್ತಾರೆ, ಮಾನಸಳೂ ತಾನು ನಗುತ್ತಿದ್ದೆ ಎಂದೇ ತಿಳಿದಿದ್ದಾಳೆ, ಅದು ನಗುವಲ್ಲವೆಂದು ಬಲ್ಲವಳು ಜಗತ್ತಿನಲ್ಲಿ ನಾನೊಬ್ಬಳು, ಇಪ್ಪತ್ತೊಂಬತ್ತು ವರ್ಷ ಆ ಫೋಟೊದ ಗಾಜು ಒರೆಸಿದವಳು, ಆ ನಾನು — ಮಂಡಿಯೂರಿ, ಉಸಿರು ಹಿಡಿದು, ಅರ್ಧ ಒತ್ತಿ.

ಮಾರ್ಕೆಟ್ ದಾಟಿ ರೈಲು ಮೇಲೇರುತ್ತದೆ, ಒಮ್ಮೆಲೇ ಬೆಳಕು, ಬೋಗಿಯ ತುಂಬ, ಎಲ್ಲರೂ ಕಣ್ಣು ಕಿರಿದು ಮಾಡುತ್ತಾರೆ, ಏಪ್ರಿಲ್ಲಿನ ಬಿಸಿಲು, ಗಾಜಿನ ಮೂಲಕ ಬಂದರೂ ಮೊಣಕೈ ಸುಡುತ್ತಿದೆ, ಪಕ್ಕಕ್ಕೆ ಸರಿಯಲೂ ಆಗದವಕ್ಕೆ ಈ ಬಿಸಿಲು ಹೇಗೆ ಬೀಳಬಹುದು, ಗರಿ ಮೂಡದ ಮೈ, ಮೈಯಲ್ಲ ಅದು, ಬರಿಯ ತೆಳು ಚರ್ಮ, ಒಳಗೆ ಹೃದಯ ಹೊಡೆದುಕೊಳ್ಳುವುದು ಲೆನ್ಸಿನಲ್ಲಿ ಕಂಡಿತ್ತು, ಎಷ್ಟು ಸ್ಪಷ್ಟ ಎಂದು ಹಿಗ್ಗಿದ್ದೆ. ನ್ಯಾಷನಲ್ ಕಾಲೇಜು, ಮೆಟ್ಟಿಲು, ಆಟೊ, ಗವಿಪುರಾನಾ, ವಾಪಸ್ ಗಿರಾಕಿ ಸಿಗಲ್ಲ ಮೇಡಂ, ಇನ್ನೊಬ್ಬ ಕತ್ತು ಆಡಿಸಿಯೇ ಹೋದ, ಮೂರನೆಯವನು ವಯಸ್ಸಾದವನು, ಹತ್ತಮ್ಮಾ, ಆಸ್ಪತ್ರೆಗಾ ಅಷ್ಟು ಅರ್ಜೆಂಟು, ಅಲ್ಲ, ಮನೆಗೆ, ಮಕ್ಳಾ, ಅಂದ, ಹ್ಞೂಂ ಅಂದೆ, ಸುಳ್ಳು ಅನ್ನಿಸಲಿಲ್ಲ, ಅವನು ಹಾರನ್ ಒತ್ತಿ ಹಿಡಿದ, ಗಾಂಧಿ ಬಜಾರಿನಲ್ಲಿ ಹೂವಿನವರು ಕುಕ್ಕೆಗಳ ಮೇಲೆ ಒದ್ದೆ ಗೋಣಿ ಹೊದಿಸಿ ಕೂತಿದ್ದಾರೆ, ನೀರು ಚಿಮುಕಿಸುತ್ತಾರೆ, ಒಬ್ಬಾಕೆ ಸೆರಗಿನಿಂದ ಸುಗಂಧರಾಜಕ್ಕೆ ಗಾಳಿ ಬೀಸುತ್ತಿದ್ದಾಳೆ, ಮೊಳ ಮೊಳ ಮಾರಿ ಸಂಜೆಗೆ ಮುಗಿದುಹೋಗುವ ಹೂವಿಗೂ ಒಂದು ಒದ್ದೆ ಬಟ್ಟೆಯಿದೆ, ಮುಂದೆ ಹೋಗಪ್ಪ, ಹೋಗ್ತಿದೀನಲ್ಲಮ್ಮ, ಹಾರೋಕಾಗುತ್ತಾ, ಹೌದು ಹಾರಲಾಗುವುದಿಲ್ಲ, ಅವಕ್ಕೂ ಹಾರಲಾಗುವುದಿಲ್ಲ, ಇನ್ನು ಒಂದು ವಾರ ಬೇಕು, ಒಂದು ವಾರ ಕಳೆದರೆ ಅವು ಗೂಡಿನಿಂದ ಜಿಗಿಯುವುದನ್ನೂ ತೆಗೆಯಬೇಕೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೆ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಮೇಲೆ.

ಚಪ್ಪಲಿ ಬಿಡಲಿಲ್ಲ, ಹಜಾರ ದಾಟುವಾಗ ಗೋಡೆಯ ಕಡೆ ನೋಡಲಿಲ್ಲ, ಮೆಟ್ಟಿಲು, ಬೀಗ, ಬಾಗಿಲು ತೆರೆದರೆ ಬಿಳಿ, ಇಡೀ ತಾರಸಿ ಬಿಳಿಯ ಕಾವಲಿ, ಅಲ್ಲಿದೆ ಕ್ಲಿಪ್ಪು, ನೀಲಿಯದು, ತಂತಿಯ ಮೇಲೆ ನೆಟ್ಟಗೆ ಕೂತಿದೆ, ಮುಟ್ಟಿದರೆ ಸುಡುತ್ತದೆ, ಒತ್ತಿದೆ, ಪೂರ್ತಿ ಒತ್ತಿದೆ, ಎಲೆ ಬಿಟ್ಟಿತು, ಆದರೆ ಹಿಂದಿರುಗಲಿಲ್ಲ, ಬೆಳಿಗ್ಗೆ ಕೊಡೆಯ ಹಾಗಿದ್ದ ಎಲೆ ಬಾಡಿ, ತೊಟ್ಟಿನ ಬಳಿ ಮುರಿದು, ಹಿಂಡಿದ ಕರವಸ್ತ್ರದಂತೆ ಪಕ್ಕಕ್ಕೆ ಜೋತುಬಿತ್ತು, ನಾನೇ ಅಡ್ಡ ನಿಂತೆ, ನನ್ನ ನೆರಳು ಗೂಡಿನ ಮೇಲೆ, ಬಗ್ಗಿ ನೋಡಲಿಲ್ಲ, ನೋಡುವುದಿಲ್ಲ, ಸಾಕು ನೋಡಿದ್ದು, ಟುವಿಟ್ ಟುವಿಟ್ ಎಂದು ಪಕ್ಕದ ಮನೆಯ ಕೇಬಲ್ಲಿನ ಮೇಲೆ ತಾಯಿ ಹಕ್ಕಿ ಕಿರಿಚುತ್ತಿದೆ, ಕೊಕ್ಕಿನಲ್ಲಿ ಹಸಿರು ಹುಳು, ನಾನಿದ್ದರೆ ಅದು ಬರುವುದಿಲ್ಲ, ನಾನು ಸರಿದರೆ ಬಿಸಿಲು ಬರುತ್ತದೆ, ನಿಂತೆ, ಎಷ್ಟು ಹೊತ್ತೋ, ಆಮೇಲೆ ಬುದ್ಧಿ ಬಂತು, ನಲ್ಲಿಯಲ್ಲಿ ಟವೆಲ್ಲು ತೋಯಿಸಿ ತಂತಿಯ ಮೇಲೆ ಹರವಿದೆ, ನೆರಳು ಗೂಡಿನ ಮೇಲೆ ಬೀಳುವ ಹಾಗೆ ಎಳೆದು ಸರಿಮಾಡಿದೆ, ಹಿಂದಕ್ಕೆ ಹಿಂದಕ್ಕೆ ನಡೆದು ಮೆಟ್ಟಿಲ ಬಾಗಿಲ ಮರೆಗೆ ಬಂದೆ. ಸೊಂಟದಲ್ಲಿ ಫೋನು ನಡುಗುತ್ತದೆ, ಮಾನಸ ಇರಬೇಕು, ಅಮ್ಮ ನಿನ್ ಫೋಟೊ ಸ್ಟೇಟಸ್ ಹಾಕಿದೀನಿ, ಎಲ್ರೂ ಕೇಳ್ತಿದಾರೆ ಯಾರು ತೆಗ್ದಿದ್ದು ಅಂತ ಬರೆದಿರುತ್ತಾಳೆ, ನಡುಗಲಿ, ಹಕ್ಕಿ ಕೇಬಲ್ಲಿನಿಂದ ತಂತಿಗೆ ಬಂತು, ತಂತಿಯಿಂದ ಕೊಂಬೆಗೆ, ಬಾಲ ನೆಟ್ಟಗೆ, ಅತ್ತಿತ್ತ ನೋಡಿತು, ಗೂಡಿನ ಬಾಯಿಗೆ ಬಾಗಿತು, ತಲೆ ಒಳಗೆ ಹೋಯಿತು, ಎದ್ದಿತು, ತಂತಿಗೆ ಬಂತು, ಕೊಕ್ಕಿನಲ್ಲಿ ಹುಳು ಹಾಗೇ ಇದೆ — ನಾನು ಕಾಣಿಸಿರಬೇಕು, ಸೀರೆಯ ಅಂಚು ಕಂಡಿರಬೇಕು, ಒಂದು ಮೆಟ್ಟಿಲು ಕೆಳಗಿಳಿದೆ, ಮತ್ತೆ ಹೋಯಿತು, ಬಾಗಿತು, ಟುವಿಟ್ ಅಂದಿತು, ಇಷ್ಟು ಮೆಲ್ಲಗೆ ಅದು ಕರೆದದ್ದನ್ನು ನಾನು ಕೇಳಿರಲಿಲ್ಲ, ಕಾದಿತು, ಬಂತು, ಹುಳು ಹಾಗೇ — ಟವೆಲ್ಲಿಗೆ ಹೆದರಿರಬೇಕು, ಹೊಸದಲ್ಲವೇ, ಇನ್ನೊಂದು ಮೆಟ್ಟಿಲು ಕೆಳಗೆ, ಈಗ ನನಗೆ ತಂತಿ ಮಾತ್ರ ಕಾಣುತ್ತದೆ, ಗೂಡು ಕಾಣುವುದಿಲ್ಲ, ಹೋಯಿತು, ಬಂತು, ಹಸಿರು ಹುಳು, ಇನ್ನೂ ಮಿಸುಕುತ್ತಿದೆ, ಇನ್ನೊಂದು ಮೆಟ್ಟಿಲು, ಹೋಯಿತು, ಬಂತು, ಹುಳು ಹಾಗೇ