ಆರಾಮ ಎಂದು ಬರೆದ ಆರು ದಿನ

ಕಸ್ತೂರಿ ಗೊಲ್ಲಾಳಮ್ಮನ ಕದ ಬಡಿದಳು. ಮೊದಲು ಅಂಗೈಯಿಂದ, ಆಮೇಲೆ ಮುಷ್ಟಿಯಿಂದ, ಕಡೆಗೆ ಕೈಯಲ್ಲಿದ್ದ ಸ್ಟೀಲ್ ಡಬ್ಬಿಯ ಬುಡದಿಂದ. ಮುಚ್ಚಳ ಸಡಿಲಾಗಿ ಒಳಗಿದ್ದ ಚಿಟಿಕೆ ಸಕ್ಕರೆ ಹೊಸ್ತಿಲ ಮೇಲೆ ಚೆಲ್ಲಿತು. ಒಳಗಿನಿಂದ ಉತ್ತರ ಬರಲಿಲ್ಲ.

ಓಣಿಯ ಬಾಯಲ್ಲಿ ಆಟೋ ನಿಲ್ಲಿಸಿಕೊಂಡಿದ್ದ ಫಕೀರಸಾಬ ಹಾರ್ನ್ ಒತ್ತಿದ. ಇನ್ನೂ ಹನ್ನೊಂದು ಮನೆಗೆ ಊಟ ಮುಟ್ಟಬೇಕಿತ್ತು. ಹತ್ತು ಗಂಟೆ ದಾಟಿದರೆ ಪೊಲೀಸರು ಲಾಕ್‌ಡೌನ್ ಪಾಸ್ ನೋಡುವುದಿಲ್ಲ, ಬೆನ್ನು ನೋಡುತ್ತಾರೆ. ಕಸ್ತೂರಿ ತಿರುಗದೆ ಕೈಯೆತ್ತಿ ತಡಿ ಎಂದಳು. ಮತ್ತೆ ಬಡಿದಳು.

ಒಂದು ತಿಂಗಳ ಹಿಂದೆ ಹೀಗೆ ಕದ ಬಡಿಯುವ ಕೆಲಸವೇ ಇರಲಿಲ್ಲ. ರಂಗಂಪೇಟೆಯ ಹಿರಿಯರ ಹಗಲುಮನೆಗೆ ಮೂವತ್ತೆರಡು ಮಂದಿ ಮುದುಕ ಮುದುಕಿಯರು ತಾವಾಗಿಯೇ ಬಂದು, ಮಧ್ಯಾಹ್ನದ ಊಟ ಮಾಡಿ, ಬಿಪಿ ನೋಡಿಸಿಕೊಂಡು, ಚೌಕಾಬಾರ ಆಡಿ ಜಗಳವಾಡಿ ಮನೆಗೆ ಹೋಗುತ್ತಿದ್ದರು. ಜಗಳದಲ್ಲಿ ಮುಂದಾಳು ಗೊಲ್ಲಾಳಮ್ಮ. ಕವಡೆ ಬಿದ್ದ ಮೇಲೂ ಹೆಬ್ಬೆರಳಿಂದ ಒಂದನ್ನು ಮಗುಚಿ, ನಾಲ್ಕು ಬಿದ್ದಾವ ನೋಡ್ರಿ ಎನ್ನುವವಳು. ಕೊರೊನಾದ ಎರಡನೇ ಅಲೆ ಬಂದಾಗ ಹಗಲುಮನೆಯ ಬಾಗಿಲಿಗೆ ಬೀಗ ಬಿತ್ತು, ಒಲೆಗೆ ಬೀಳಲಿಲ್ಲ. ಊಟ ಡಬ್ಬಿಯಲ್ಲಿ ಮನೆಮನೆಗೆ ಹೊರಟಿತು. ತುಂಬಿದ ಡಬ್ಬಿ ಕಟ್ಟೆಯ ಮೇಲಿಟ್ಟು, ನಿನ್ನೆಯ ಡಬ್ಬಿ ಎತ್ತಿಕೊಂಡು, ಒಂದು ಕೂಗು ಹಾಕಿ ನಡೆಯಬೇಕು. ಮುಖ ನೋಡುವಂತಿಲ್ಲ, ಮಾತಾಡುತ್ತ ನಿಲ್ಲುವಂತಿಲ್ಲ. ಮುದುಕರಿಗೆ ರೋಗ ನಾವೇ ಹೊತ್ತು ಹೋದೇವು ಎಂಬ ಭಯ ಎಲ್ಲರಿಗೂ ಇತ್ತು.

ಹಾಗಾದರೆ ಯಾರು ಆರಾಮ ಇದ್ದಾರೆ, ಯಾರು ಮಲಗಿದ್ದಾರೆ ಎಂದು ತಿಳಿಯುವುದು ಹೇಗೆ ಎಂದು ತಾಲೂಕು ಕಚೇರಿಯ ಅಧಿಕಾರಿ ಕೇಳಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಫೋನಿಲ್ಲ, ಇದ್ದವರಿಗೆ ಕಿವಿ ಕೇಳುವುದಿಲ್ಲ. ಹಗಲುಮನೆಯ ಕಾರ್ಯದರ್ಶಿ ಮಹೇಶಕುಮಾರ ತಲೆ ಕೆರೆದುಕೊಂಡಾಗ ಉಪಾಯ ಹೇಳಿದವಳು ಅಲ್ಲಿ ಕೆಲಸಕ್ಕಿದ್ದ ಕಸ್ತೂರಿ. ನಮ್ಮ ಕಡೆ ಯಾರೂ ಬರಿ ಪಾತ್ರೆ ತಿರುಗಿ ಕೊಡುವುದಿಲ್ಲ. ತೊಳೆದ ಡಬ್ಬಿಯಲ್ಲಿ ನಾಲ್ಕು ಕಾಳು ಜೋಳವೋ ಚೂರು ಬೆಲ್ಲವೋ ಹಾಕಿಯೇ ಇಡುತ್ತಾರೆ. ಖಾಲಿ ಬಂದ ದಿನ ನಾನು ಕದ ಬಡಿಯುತ್ತೇನೆ ಎಂದಿದ್ದಳು. ಅಧಿಕಾರಿ ಅವಳ ಹೆಸರು ಕೇಳಿ ಬರೆದುಕೊಂಡಿದ್ದರು. ಅಂದಿನಿಂದ ಒಂದು ನೋಟ್‌ಬುಕ್ಕು, ಹೆಸರಿನ ಮುಂದೆ ದಿನಕ್ಕೊಂದು ಸಲ ‘ಆರಾಮ’. ಸಂಜೆ ಆ ಪುಟದ ಫೋಟೋ ಕಚೇರಿಗೆ ಹೋಗುತ್ತಿತ್ತು. ಇಪ್ಪತ್ತೈದು ದಿನ ಒಂದು ಡಬ್ಬಿಯೂ ಖಾಲಿ ಬಂದಿರಲಿಲ್ಲ.

ಇವತ್ತೂ ಬಂದಿರಲಿಲ್ಲ. ಆದರೆ ಗೊಲ್ಲಾಳಮ್ಮನ ಡಬ್ಬಿಯಲ್ಲಿ ಯಾವಾಗಲೂ ಹುರಿದ ಪುಟಾಣಿ ಕಾಳು ಇರುತ್ತಿತ್ತು. ಸಕ್ಕರೆ ಕಾಯಿಲೆಯವಳು, ಮನೆಯಲ್ಲಿ ಸಕ್ಕರೆಯ ಹರಳೂ ಇಟ್ಟುಕೊಂಡವಳಲ್ಲ.

ಪಕ್ಕದ ಮನೆಯ ಪರದೆ ಸರಿಯಿತು. ದಾವಲಬೀ ಸೆರಗನ್ನು ಮೂಗಿಗೆ ಒತ್ತಿಕೊಂಡು ನಿಂತಿದ್ದಳು. ಮನೆಯಲ್ಲೇ ಹೊಲಿಗೆ ಹಾಕಿಕೊಂಡು ಇಬ್ಬರು ಹೆಣ್ಣುಮಕ್ಕಳನ್ನು ಸಾಕುವವಳು. ಅವಳ ಕಣ್ಣು ಕಸ್ತೂರಿಯ ಮುಖ ಬಿಟ್ಟು ಹೊಸ್ತಿಲ ಮೇಲಿನ ಸಕ್ಕರೆಯ ಮೇಲೆ ನಿಂತಿತು.

"ಇದು ನೀ ಹಾಕೀದ್ದೇನು?" ಎಂದು ಕಸ್ತೂರಿ ಕೇಳಿದಳು.

"ಖಾಲಿ ಡಬ್ಬಿ ಹ್ಯಾಂಗ ಇಡ್ಲಿ ಅಕ್ಕಾ?"

"ನಿನ್ನೆ ಪುಟಾಣಿ ಇದ್ವಲ್ಲ."

"ಅವೂ ನಾನs ಹಾಕೀದ್ದು. ಕಿಟಕಿಯಾಗ ಆಕಿ ಪುಟಾಣಿ ಡಬ್ಬಿ ಇತ್ತು, ನಿನ್ನೆ ತೀರಿದ್ವು."

ಎಷ್ಟು ದಿನದಿಂದ ಎಂದು ಕೇಳುವುದಕ್ಕೇ ಕಸ್ತೂರಿಗೆ ಧೈರ್ಯ ಸಾಲಲಿಲ್ಲ. ದಾವಲಬೀ ತಾನಾಗಿಯೇ ಹೇಳಿದಳು. ಇವತ್ತಿಗೆ ಏಳನೇ ದಿನ. ಜ್ವರ ಬಂದ ಮೊದಲ ದಿನವೇ ಗೊಲ್ಲಾಳಮ್ಮ ಒಳಗಿನಿಂದ ಚಿಲಕ ಹಾಕಿಕೊಂಡಿದ್ದಳು. ಯಾರಿಗೂ ಹೇಳಬೇಡ, ಹೇಳಿದರೆ ಆಸ್ಪತ್ರೆಯ ಗಾಡಿ ಬರುತ್ತದೆ, ಓಣಿಗೆ ಅಡ್ಡ ಬೊಂಬು ಕಟ್ಟಿ ಮುಚ್ಚುತ್ತಾರೆ, ನಿನ್ನ ಹೊಲಿಗೆಗೆ ಯಾರು ಬಟ್ಟೆ ತರುತ್ತಾರೆ ಎಂದು ಮಕ್ಕಳ ಮೇಲೆ ಆಣೆ ಹಾಕಿಸಿದ್ದಳು. ಡಬ್ಬಿಯ ಊಟ ನೀವು ಉಣ್ಣಿರಿ ಎಂದಿದ್ದಳು. ದಾವಲಬೀ ಕಿಟಕಿಯಿಂದ ಗಂಜಿ ಕೊಡುತ್ತಿದ್ದಳು. ಮೂರು ದಿನದಿಂದ ಗಂಜಿಯೂ ಹಾಗೇ ಉಳಿದಿತ್ತು.

"ಡಬ್ಬಿ ಖಾಲಿ ಬಂದ್ರ ನಾ ಬರ್ತಿದ್ನಲ್ಲ," ಎಂದಳು ಕಸ್ತೂರಿ. ಬೈಗುಳದ ದನಿಯಲ್ಲಿ ಶುರುವಾದ ಮಾತು ನಡುವೆಯೇ ಸೊರಗಿತು. ಬರಿ ಪಾತ್ರೆ ಕೊಡದ ಊರಿನಲ್ಲಿ ಬರಿ ಪಾತ್ರೆಯನ್ನೇ ಅಪಾಯದ ಗುರುತು ಮಾಡಿದವಳು ತಾನು. ದಾವಲಬೀಯ ಜಾಗದಲ್ಲಿದ್ದರೆ ತಾನೂ ಕಾಳು ಹಾಕಿಯೇ ಇಡುತ್ತಿದ್ದಳು.

ಫಕೀರಸಾಬ ಬಂದು ಕಿಟಕಿಯೊಳಗೆ ಭುಜದವರೆಗೆ ಕೈ ತೂರಿಸಿ ಚಿಲಕ ಸರಿಸಿದ. ಒಳಗೆ ಬೆವರು ಮತ್ತು ಹುಳಿತ ಗಂಜಿಯ ವಾಸನೆ. ಗೊಲ್ಲಾಳಮ್ಮ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲವೇನೋ. ಕಸ್ತೂರಿ ಅವಳ ಬೆರಳಿಗೆ ಆಕ್ಸಿಜನ್ ಅಳೆಯುವ ಯಂತ್ರ ಸಿಕ್ಕಿಸಿದಳು. ತೊಂಬತ್ತೈದಕ್ಕಿಂತ ಮೇಲೆ ಇರಬೇಕಾದ ಅಂಕಿ ಎಂಬತ್ತೊಂದರಲ್ಲಿ ನಿಂತಿತು.

"ಯಾಕ ಬಂದಿ?" ಎಂದಳು ಮುದುಕಿ. ಅಷ್ಟು ಹೇಳಲು ಎರಡು ಸಲ ಉಸಿರು ಎಳೆದುಕೊಂಡಳು.

ಉಳಿದ ಡಬ್ಬಿಗಳನ್ನು ಹಗಲುಮನೆಯ ಕಟ್ಟೆಯ ಮೇಲೆ ಇಳಿಸಿ, ಅಡುಗೆಯ ಮೌನೇಶ್ವರಿಗೆ ದೂರದಿಂದಲೇ ಕೂಗಿ ಹೇಳಿ ಹೊರಟರು. ಸುರಪುರದಲ್ಲಿ ಹಾಸಿಗೆ ಖಾಲಿ ಇಲ್ಲ ಎಂದು ಫೋನಿನಲ್ಲೇ ತಿಳಿದಿತ್ತು. ಶಹಾಪುರದವರು ಕರೆತರಲು ಹೇಳಿದ್ದರು. ದಾರಿಯುದ್ದಕ್ಕೂ ಕಸ್ತೂರಿ ಮುದುಕಿಯನ್ನು ಎದೆಗೊರಗಿಸಿಕೊಂಡು ಕೂತಳು. ರಸ್ತೆಯ ತಗ್ಗು ಬಂದಾಗಲೆಲ್ಲ ಉಸಿರು ನಿಂತಂತಾಗುತ್ತಿತ್ತು, ಮತ್ತೆ ಗೊರ ಎನ್ನುತ್ತಿತ್ತು. ಎಂಬತ್ತು. ಎಪ್ಪತ್ತೊಂಬತ್ತು. ನೋಡಬೇಡ ಎಂದುಕೊಂಡರೂ ಕಣ್ಣು ಆ ಅಂಕಿಯ ಮೇಲೆಯೇ. ಭೀಮರಾಯನಗುಡಿ ದಾಟುವಾಗ ಫಕೀರಸಾಬ ಕನ್ನಡಿಯಲ್ಲಿ ನೋಡಿ, ಅದನ್ನ ಬಿಚ್ಚಿ ಒಗಿ ಅಕ್ಕಾ, ನನಗs ಉಸಿರು ಹಿಡಿಯಾಕತ್ತದ ಎಂದ.

ಕಸ್ತೂರಿ ಫೋನಿನಲ್ಲಿ ಎಲ್ಲ ಹೇಳಿದ್ದರಿಂದ, ಭೀಮರಾಯನಗುಡಿಯಲ್ಲೇ ಮನೆಯಿದ್ದ ಮಹೇಶಕುಮಾರ ಅವರಿಗಿಂತ ಮೊದಲೇ ಬೈಕಿನಲ್ಲಿ ಆಸ್ಪತ್ರೆ ಮುಟ್ಟಿದ್ದ. ಸ್ಟ್ರೆಚರಿನ ಒಂದು ತುದಿಯನ್ನು ಅವನೇ ಹಿಡಿದ. ಕೆಟ್ಟವನಲ್ಲ, ಔಷಧಿ ಸಿಗದ ದಿನ ಕಲಬುರಗಿಗೆ ಹೋಗಿ ತಂದವನು. ವರಾಂಡದಲ್ಲಿ ಡಾಕ್ಟರ್ ಅಂಜುಮ್ ಆಕ್ಸಿಜನ್ ಕೊಳವೆ ಹಚ್ಚಿಸಿ, ಜ್ವರ ಎಷ್ಟು ದಿನದಿಂದ ಎಂದು ಕೇಳಿದಳು. ಹನ್ನೆರಡು ಗಂಟೆಗೆ ಯಾದಗಿರಿಗೆ ಒಂದು ಗಾಡಿ ಹೋಗುತ್ತದೆ, ಅದರಲ್ಲಿ ಒಬ್ಬರಿಗೇ ಜಾಗ. ನಿನ್ನೆ ಮೊನ್ನೆಯ ಜ್ವರವಾದರೆ ಮದ್ದೇ ಬೇರೆ, ಇಲ್ಲೇ ಇಟ್ಟು ನೋಡಬಹುದು. ವಾರ ಆಗಿದ್ದರೆ ಇಲ್ಲಿ ಉಳಿಯುವವಳಲ್ಲ, ಅಲ್ಲಿಯ ಉಸಿರಾಟದ ದೊಡ್ಡ ಮಷೀನಿಗೆ ಹಾಕಲೇಬೇಕು ಎಂದಳು.

ಕಸ್ತೂರಿ ಬಾಯಿ ತೆರೆಯುವ ಮೊದಲೇ ಮಹೇಶಕುಮಾರ ಹೇಳಿದ. "ನಿನ್ನೆಯಿಂದ ಮೇಡಮ್. ನಮ್ಮ ರಿಜಿಸ್ಟರ್ ಅದ."

ಡಾಕ್ಟರ್ ಒಂದು ಫಾರಂ ಅವನ ಕೈಗಿತ್ತು, ಜ್ವರ ಎಷ್ಟು ದಿನದ್ದೆಂದು ಬರೆದು, ದಿನಾ ನೋಡಿಕೊಳ್ಳುವವರ ಸಹಿ ಹಾಕಿಸಿರಿ, ಐದು ನಿಮಿಷದಲ್ಲಿ ಬರುತ್ತೇನೆ ಎಂದು ಇನ್ನೊಂದು ಸ್ಟ್ರೆಚರಿನ ಕಡೆ ಓಡಿದಳು.

ಅವನು ಕಸ್ತೂರಿಯನ್ನು ಬೇವಿನ ಮರದ ಕೆಳಗೆ ಕರೆದ. ಫಾರಂ ಕಾಂಡಕ್ಕೆ ಒತ್ತಿ ತಾನೇ ಬರೆದ: ಜ್ವರ, ಒಂದು ದಿನ. ಮೊಬೈಲಿನಲ್ಲಿ ಪುಟದ ಫೋಟೋಗಳನ್ನು ಒಂದೊಂದಾಗಿ ಸರಿಸಿ ತೋರಿಸಿದ. ಗೊಲ್ಲಾಳಮ್ಮನ ಹೆಸರಿನ ಮುಂದೆ ಆರಾಮ, ಆರಾಮ, ಆರಾಮ. ಆರು ದಿನ. ಅಕ್ಷರ ಕಸ್ತೂರಿಯದೇ, ‘ಮ’ದ ಬಾಲ ಎಳೆದು ಬರೆಯುವ ಅವಳ ಚಾಳಿಯೂ ಸೇರಿ.

"ಏಳು ದಿನ ಅಂತ ಬರೆದ್ರ ಈ ಪುಸ್ತಕ ಸುಳ್ಳಾಗ್ತದ," ಎಂದ. "ಕಚೇರಿಯವ್ರು ನಾಳಿಂದ ಡಬ್ಬಿ ಬಂದ್ ಮಾಡ್ತಾರ. ಮೂವತ್ತೊಂದು ಮಂದಿ ಏನು ತಿನ್ನಬೇಕು? ನಿನ್ನ ಮ್ಯಾಲೂ ಬರ್ತದ, ನನ್ನ ಮ್ಯಾಲೂ ಬರ್ತದ."

ಅವನ ಮಾತಿನಲ್ಲಿ ತಪ್ಪು ಹುಡುಕಲು ಅವಳು ತಡಕಾಡಿದಳು. ಸಿಗಲಿಲ್ಲ. ಆ ಮೂವತ್ತೊಂದು ಮುಖಗಳೂ ಅವಳಿಗೆ ಗೊತ್ತು. ಡಬ್ಬಿ ಹತ್ತು ನಿಮಿಷ ತಡವಾದರೆ ಕಟ್ಟೆಗೆ ಬಂದು ಕೂಡುವ ರೇವಣಸಿದ್ದ, ಹೆಂಡತಿಗೆ ಉಣಿಸಿ ಉಳಿದದ್ದು ತಿನ್ನುವ ನೀಲಕಂಠ. ಒಳಗಿನಿಂದ ಕೆಮ್ಮು ಕೇಳಿತು. ಅದು ಗೊಲ್ಲಾಳಮ್ಮನದೋ ಬೇರೆಯವರದೋ ತಿಳಿಯಲಿಲ್ಲ.

ಮಹೇಶಕುಮಾರ ದನಿ ತಗ್ಗಿಸಿದ. ನಾಳೆಯಿಂದ ಇನ್ನಿಬ್ಬರು ಹೆಂಗಸರನ್ನು ಹಾಕಿಕೊಳ್ಳುತ್ತೇನೆ, ಒಂದೊಂದು ಕದವನ್ನೂ ತೆರೆಸಿ ಮುಖ ನೋಡಿಯೇ ಮುಂದೆ ಹೋಗಲಿ, ಆ ಕೆಲಸಕ್ಕೆ ನೀನೇ ಮುಖ್ಯಸ್ಥೆ, ಕಾಯಂ ಆದೇಶ ಈ ವಾರವೇ ಕೊಡುತ್ತೇನೆ ಎಂದ. ಆರು ವರ್ಷದಿಂದ ಅವಳು ಕೇಳುತ್ತಿದ್ದ ಆದೇಶ. ಮುದುಕಿಗೆ ಇಲ್ಲಿಯೂ ಆಕ್ಸಿಜನ್ ಇದೆ, ಡಾಕ್ಟರು ಇದ್ದಾರೆ, ಎಲ್ಲ ನೀನೇ ಹೊತ್ತುಕೊಳ್ಳಬೇಡ ಎಂದ.

"ಇಲ್ಲಿ ಉಳಿಯಂಗಿಲ್ಲ ಅಂದ್ರಲ್ಲ ಡಾಕ್ಟರು," ಎಂದಳು ಕಸ್ತೂರಿ.

"ವಾರ ಆಗಿದ್ರ ಅಂದ್ರು."

"ಆಗ್ಯಾದಲ್ಲ ಸರ."

ಗೇಟಿನಲ್ಲಿ ಯಾದಗಿರಿಯ ಗಾಡಿ ಹಿಮ್ಮುಖವಾಗಿ ಒಳಗೆ ಬರುತ್ತಿತ್ತು. ವರಾಂಡದಲ್ಲಿ ಡಾಕ್ಟರ್ ಅಂಜುಮ್ ಬೇರೆ ಯಾರದೋ ಚೀಟಿ ಹಿಡಿದು ಇವರ ಕಡೆ ನೋಡಿ, ಆಯಿತೇ ಎಂದು ಕೈ ಮಾಡಿದಳು. ಮಹೇಶಕುಮಾರ ಫಾರಂನ ಮೇಲೆ ಪೆನ್ನಿಟ್ಟು ಮುಂದೆ ಚಾಚಿದ.

"ಒಂದು ಸಹಿ, ಕಸ್ತೂರಿ. ಉಳಿದದ್ದು ನನಗ ಬಿಡು."

ಕಸ್ತೂರಿ ಪೆನ್ನು ಮುಟ್ಟಲಿಲ್ಲ.

"ಒಲ್ಲೆ," ಎಂದಳು. "ನಾ ಸಹಿ ಹಾಕಂಗಿಲ್ಲ."