ಬೆಟ್ಟದ ಮೇಲಿನ ವರದಿ

ಗಾಳಿಗೆ ರೋಪ್‌ವೇ ನಿಂತು ಮೂರು ದಿನವಾಗಿತ್ತು. ಬೆಟ್ಟದ ತುದಿಯ ಹವಾಮಾನ ಕೇಂದ್ರದಲ್ಲಿ ವೀಕ್ಷಕಿ ಒಬ್ಬಳೇ ಉಳಿದಿದ್ದಳು. ಜೊತೆಗಾರ ಗಡ್ಡದಣ್ಣ ಹಲ್ಲುನೋವೆಂದು ಕೊನೆಯ ಗಾಡಿಯಲ್ಲಿ ಇಳಿದಿದ್ದ. ಮರುದಿನ ಅವನು ಹತ್ತಿ ಬಂದು ಇವಳು ಇಳಿಯಬೇಕಿತ್ತು. ಕೆಳಗೆ ಊರಿನಲ್ಲಿ ಮಗಳಿಗೆ ದಿನ ತುಂಬಿತ್ತು.

ಹೊಸ ಕಂಪ್ಯೂಟರ್ ಬಂದಾಗಿನಿಂದ ಅದು ಗಡ್ಡದಣ್ಣನ ಪಾಲು. ಹಳೆಯದರಲ್ಲಿ ಚಿತ್ರದ ಮೇಲೆ ಒತ್ತಿದರೆ ಸಾಕಿತ್ತು. ಇದರಲ್ಲಿ ಬರೀ ಕಪ್ಪು ಪರದೆ, ಮಿಟುಕುವ ಒಂದು ಗೆರೆ. ಏನು ಬೇಕಿದ್ದರೂ ಟೈಪ್ ಮಾಡಿಯೇ ಕೇಳಬೇಕು. ಅದರ ಸಹವಾಸವೇ ಬೇಡವೆಂದು ಅವಳು ಗೋಡೆಯ ಮಾಪಕಗಳ ಅಂಕಿಗಳನ್ನು ಪುಸ್ತಕದಲ್ಲಿ ಬರೆದು ಕೈತೊಳೆದುಕೊಳ್ಳುತ್ತಿದ್ದಳು. ಯಂತ್ರ ತಾನೇ ಕಳಿಸುತ್ತದೆ, ಮುಟ್ಟಬೇಡ ಎಂದು ಅವನೂ ಹೇಳಿ ಹೋಗಿದ್ದ.

ಆ ಬೆಳಿಗ್ಗೆ ಬಂದರಿನಿಂದ ಫೋನ್ ಬಂತು. ಬೆಟ್ಟದಿಂದ ಮೂರು ದಿನದ ಹಿಂದಿನ, ಗಾಳಿ ಏಳುವ ಮೊದಲಿನ ವರದಿಯೇ ಮತ್ತೆ ಮತ್ತೆ ಬರುತ್ತಿದೆಯಂತೆ. ಬೆಟ್ಟದ ಮರೆಯ ಆ ಬಂದರಿನಲ್ಲಿ ಎಲೆಯೂ ಅಲುಗುತ್ತಿರಲಿಲ್ಲ. ದೋಣಿಗಳು ಮಧ್ಯಾಹ್ನ ಹೊರಡಲಿದ್ದವು. ಇಲ್ಲಿ ಗಾಳಿಗೆ ಬಾಗಿಲು ತೆಗೆಯಲೂ ಆಗುತ್ತಿಲ್ಲ ಎಂದು ಅವಳು ಹೇಳಿದಳು.

"ಬಾಯಿಮಾತಿಗೆ ದೋಣಿ ತಡೆಯೋಕಾಗಲ್ಲ," ಎಂದ ಬಂದರಿನವನು. "ಹನ್ನೆರಡರೊಳಗೆ ಸರಿಯಾದ ವರದಿ ಬರಲಿ."

ಅವಳು ಗಡ್ಡದಣ್ಣನಿಗೆ ಫೋನ್ ಮಾಡಿದಳು. ಕೆನ್ನೆ ಊದಿ ಅವನ ಮಾತು ಅರ್ಧ ನುಂಗಿಹೋಗುತ್ತಿತ್ತು.

"ಹೆದರಬೇಡ. ಮೊದಲು ಎಲ್ಲಿದ್ದೀನಿ ಅಂತ ಅದನ್ನೇ ಕೇಳು. ಪಿ, ಡಬ್ಲ್ಯೂ, ಡಿ. ಆಮೇಲೆ ಎಲ್, ಎಸ್ ಹೊಡಿ, ಅಲ್ಲಿ ಏನೇನಿದೆ ಅಂತ ತೋರಿಸುತ್ತೆ."

ಕಂಟ್ರೋಲ್ ಕೀಲಿಯ ಜೊತೆ ಸಿ ಒತ್ತಿಸಿ, ಮತ್ತೆ ಮತ್ತೆ ಹೋಗುತ್ತಿದ್ದ ಹಳೆಯ ವರದಿಯನ್ನು ನಿಲ್ಲಿಸಿದ. ಹೊಸ ವರದಿಯ ಕಡತದ ಹೆಸರು, ಕಳಿಸುವ ಆಜ್ಞೆ ಎರಡನ್ನೂ ಒಂದು ಚೀಟಿಯಲ್ಲಿ ಬರೆಸಿದ. ಅಷ್ಟರಲ್ಲಿ ಲೈನ್ ಕಡಿಯಿತು.

ಅವಳು ಹೆಸರು ಟೈಪ್ ಮಾಡಿದಳು. ಅಂಥದ್ದಿಲ್ಲ ಎಂದಿತು ಪರದೆ. ನಾಲ್ಕು ಸಲ ಕೇಳಿದರೂ ಅದೇ ಉತ್ತರ. ಹೊರಗೆ ಹೋಗುವಂತಿಲ್ಲ, ಯಾರನ್ನೂ ಕೇಳುವಂತಿಲ್ಲ. ಕೋಣೆಯ ಗೋಡೆಗಳು ಮೈಮೇಲೆ ಬಂದಂತಾಯಿತು. ಮತ್ತೆ ಎಲ್, ಎಸ್ ಹೊಡೆದು, ಬಂದ ಪಟ್ಟಿಯನ್ನು ಒಂದೊಂದೇ ಅಕ್ಷರ ಓದಿದಳು. ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ದೊಡ್ಡದಾಗಿತ್ತು, ಅವಳು ಚಿಕ್ಕದನ್ನು ಹೊಡೆದಿದ್ದಳು, ಅಷ್ಟೇ.

ಕಡತ ತೆರೆಯಿತು. ಪುಸ್ತಕ ನೋಡಿ ಅಂಕಿ ತುಂಬಿದಳು. ಈಗ ಆಚೆ ಬರಲು ದಾರಿ ಕಾಣಲಿಲ್ಲ. ಯಾವ ಕೀಲಿ ಒತ್ತಿದರೂ ಇನ್ನೊಂದು ಅಕ್ಷರ ಬಂದು ಕೂರುತ್ತಿತ್ತು. ಹೆಚ್ಚಾದದ್ದನ್ನು ಅಳಿಸುತ್ತ ಕಣ್ಣು ಕೆಳಕ್ಕೆ ಹೋದಾಗ, ಹೊರಬರುವ ಬಗೆ ಪರದೆಯ ಅಂಚಿನಲ್ಲೇ ಸಣ್ಣದಾಗಿ ಬರೆದಿತ್ತು. ತನ್ನನ್ನೇ ಬೈದುಕೊಂಡು ಉಳಿಸಿದಳು, ಕಳಿಸಿದಳು. ಆಗ ಹನ್ನೊಂದೂ ಮುಕ್ಕಾಲು. ಲೈನ್ ಮರಳಿದಾಗ ಬಂದರಿನವನು ದೋಣಿಗಳನ್ನು ಕಟ್ಟಿಸಿದೆನೆಂದ.

ಮುಂದಿನ ಎರಡು ದಿನ ಮೂರು ಗಂಟೆಗೊಮ್ಮೆ ಅವಳೇ ಕಳಿಸಿದಳು. ಚೀಟಿ ನೋಡುವುದೂ ತಪ್ಪಿತು. ಎಲ್ಲಿದ್ದೇನೆ, ಏನಿದೆ, ಎಲ್ಲಿಗೆ ಹೋಗಬೇಕು ಎಂಬುದೆಲ್ಲ ಬೆರಳಿಗೇ ಗೊತ್ತಿತ್ತು. ಸ್ವಲ್ಪ ಜಂಬವೂ ಆಯಿತು.

ಐದನೆಯ ದಿನ ಗಾಳಿ ಇಳಿಯಿತು. ಮಗಳು ಹೆತ್ತಳು, ಹೆಣ್ಣುಮಗು ಎಂದು ಅಳಿಯ ಫೋನ್ ಮಾಡಿದ. ಅವಳು ಸೀರೆ ಮಡಚಿ ಚೀಲ ಕಟ್ಟುತ್ತಿರುವಾಗ ಮುಖ್ಯ ಕಚೇರಿಯ ಅಧಿಕಾರಿಯ ಕರೆ ಬಂತು. ಬಾಯ್ತುಂಬ ಹೊಗಳಿದರು. ಆಮೇಲೆ, "ಮೇಲಕ್ಕೆ ಇನ್ನು ನೀವೊಬ್ಬರೇ ಸಾಕು ಅಂತ ತೀರ್ಮಾನವಾಗಿದೆ. ನಿಮ್ಮ ಜೊತೆಗಾರರನ್ನ ಕೆಳಗೇ ಉಳಿಸಿಕೊಳ್ತೀವಿ," ಎಂದರು. ರಜೆಯ ಮಾತೆತ್ತಿದರೆ, ಮುಂದಿನ ತಿಂಗಳು ನೋಡೋಣ ಎಂದರು.

ಮಧ್ಯಾಹ್ನ ದಿನಸಿ ಹೊತ್ತು ಗಾಡಿ ಬಂತು. ಒಳಗೆ ಚಾಲಕನ ಹೊರತು ಯಾರೂ ಇರಲಿಲ್ಲ. ಮೂಟೆ ಇಳಿಸಿ, ಅವಳ ಕೈಯಲ್ಲಿದ್ದ ಚೀಲ ನೋಡಿ ಅವನು ಬಾಗಿಲು ಹಿಡಿದು ನಿಂತ.

"ಹತ್ತೋದಿಲ್ವಾ ಅಕ್ಕಾ?"

"ಮೂರು ಗಂಟೆ ವರದಿ ಕಳಿಸೋರು ಯಾರಪ್ಪ?" ಎಂದಳು. ಹುಟ್ಟುವ ಮಗುವಿಗೆಂದು ಹೆಣೆದಿದ್ದ ಟೊಪ್ಪಿಯನ್ನು ಚೀಲದಿಂದ ತೆಗೆದು ಅವನ ಕೈಗಿಟ್ಟು, ಮಗಳ ಮನೆ ಯಾವ ಓಣಿಯಲ್ಲಿದೆ ಎಂದು ಎರಡೆರಡು ಸಲ ವಿವರಿಸಿದಳು.